ಹೋಮ್ ಡೇಕೇರ್ ಶುರು ಮಾಡಿಸುವ ಆನ್‌ಲೈನ್ ಕೋರ್ಸ್: 16 ತಿಂಗಳಾದ ಮೇಲೆ ಬರೆದ ರಿವ್ಯೂ

ಕೋರ್ಸ್ ಮುಗಿದ ದಿನವೇ ರಿವ್ಯೂ ಬರೆಯಿರಿ ಎಂದು ಮೆಸೇಜ್ ಬಂದಿತ್ತು. ಆವತ್ತು ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಆಗ ಮನೆಯಲ್ಲಿ ನನ್ನ ಮಗಳನ್ನು ಬಿಟ್ಟರೆ ಬೇರೆ ಮಗುವೇ ಇರಲಿಲ್ಲ. ಈಗ ನಾಲ್ಕು ಮಕ್ಕಳು ದಿನಾ ಬರುತ್ತಾರೆ, 16 ತಿಂಗಳಾಗಿದೆ, ಸೋಫಾದ ಒಂದು ಕಾಲು ಮುರಿದಿದೆ. ಈಗ ಬರೆದರೆ ನ್ಯಾಯ ಅನ್ನಿಸಿತು.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇಂಥ ಕೋರ್ಸ್‌ಗಳು ಬೇಕಾದಷ್ಟಿವೆ. ಸೇರುವ ಮೊದಲು ಮೂರ್ನಾಲ್ಕರ ಡೆಮೊ ನೋಡಿದ್ದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ನಾನು ತೆಗೆದುಕೊಂಡದ್ದರಲ್ಲಿ ಆರು ವಾರ, 22 ವಿಡಿಯೊ, ಒಂದು ಫೋಲ್ಡರ್ ತುಂಬ ಫಾರಂಗಳು, ಕೊನೆಗೆ ಒಂದು ಗಂಟೆ ಫೋನಿನಲ್ಲಿ ಸಲಹೆ. ಬೆಲೆ ಎಷ್ಟೆಂದರೆ, ಈಗ ಒಂದು ಮಗುವಿಗೆ ಎರಡು ತಿಂಗಳಿಗೆ ನಾನು ತೆಗೆದುಕೊಳ್ಳುವ ಫೀಸಿನಷ್ಟು. ಕಡಿಮೆಯೇನಲ್ಲ.

ನನ್ನ ಬಗ್ಗೆ ಎರಡು ಮಾತು. ಒಂಬತ್ತು ವರ್ಷ ಕಚೇರಿಯೊಂದರ ಅಕೌಂಟ್ಸ್‌ನಲ್ಲಿದ್ದೆ. ಮಕ್ಕಳೆಂದರೆ ಇಷ್ಟ, ಆದರೆ ಮಕ್ಕಳ ವಿಷಯ ಓದಿಕೊಂಡವಳಲ್ಲ. ಮಗಳಿಗೆ ನಾಲ್ಕು ವರ್ಷ. ಮನೆಯಲ್ಲೇ ಇದ್ದು ದುಡಿಯಬೇಕಿತ್ತು. ಜಾಹೀರಾತಿನಲ್ಲಿ ಇದ್ದದ್ದೂ ಅದೇ ಮಾತು, ಬಿದ್ದೆ.

ಮೊದಲೆರಡು ವಾರದ ಪಾಠ ಪೂರ್ತಿ ಡೇಕೇರ್‌ಗೆ ಹೆಸರು ಇಡುವುದು, ಲೋಗೊ, ಗೋಡೆಗೆ ಯಾವ ಬಣ್ಣ, ಫೋಟೊ ಹೇಗೆ ತೆಗೆಯಬೇಕು. ಜೊತೆಗೆ 40 ನಿಮಿಷ ಇತಿಹಾಸ. ಫ್ರೋಬೆಲ್ 1837ರಲ್ಲಿ ಜರ್ಮನಿಯಲ್ಲಿ ಶುರು ಮಾಡಿದ ಸಂಸ್ಥೆಯೇ ಮುಂದೆ ಕಿಂಡರ್‌ಗಾರ್ಟನ್ ಆದದ್ದು, ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದದ್ದು. ಕೇಳಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಮಗುವಿಗೆ ಕಾಯಿಲೆ ಬಂದರೆ ಏನು ಮಾಡಬೇಕು ಅನ್ನುವ ಪಾಠ ಎಷ್ಟು ಉದ್ದ ಇತ್ತು ಗೊತ್ತಾ? ನಾಲ್ಕು ನಿಮಿಷ.

ಅವರ ಮಾತು ಕೇಳಿ ಗೋಡೆ ತುಂಬ ಸ್ಟಿಕ್ಕರ್ ಅಂಟಿಸಿದೆ. ಕಾಡು, ಮಂಗ, ಜಿರಾಫೆ, ಆನೆ. ಮೂರನೇ ವಾರಕ್ಕೆ ಮಕ್ಕಳ ಕೈಗೆಟಕುವಷ್ಟು ಎತ್ತರದವರೆಗೂ ಗೋಡೆ ಬೋಳು. ಈಗ ಜಿರಾಫೆಯ ತಲೆ, ಕತ್ತು ಮಾತ್ರ ಉಳಿದಿದೆ. ಮಗುವನ್ನು ಸೇರಿಸಲು ಬಂದ ಯಾವ ಅಪ್ಪ ಅಮ್ಮನೂ ಆ ಗೋಡೆ ನೋಡಿ ಒಪ್ಪಿದ್ದಲ್ಲ. ಅವರು ನೋಡಿದ್ದು ಬಾತ್‌ರೂಮ್, ಅಡುಗೆಮನೆ, ಆಮೇಲೆ ನನ್ನ ಮುಖ. ಅಷ್ಟೇ.

ಮೂರನೇ ವಾರ ಮಾತ್ರ ದುಡ್ಡಿಗೆ ಸರಿಯಾಗಿತ್ತು. ಮನೆಯನ್ನು ಸುರಕ್ಷಿತ ಮಾಡುವ ಪಾಠ. ಹೇಳಿಕೊಟ್ಟವರು ಮೊದಲೇ ಹೇಳಿದರು, ಪಟ್ಟಿ ಹಿಡಿದು ಓಡಾಡಬೇಡಿ, ಮಂಡಿಯೂರಿ ಅಂಬೆಗಾಲಿಡುತ್ತಾ ಮನೆಯೆಲ್ಲ ಸುತ್ತಿ ಬನ್ನಿ ಎಂದು. ಒಂದು ಭಾನುವಾರ ಬೆಳಗ್ಗೆ ನೈಟಿಯಲ್ಲೇ ಹೊರಟೆ. ನಮ್ಮ ಯಜಮಾನರು ನಗುತ್ತಾ ವಿಡಿಯೊ ಮಾಡಿದರು. ನಗು ನಿಂತದ್ದು ಟಿವಿ ಸ್ಟ್ಯಾಂಡ್ ಕೆಳಗೆ ಕೈ ಹಾಕಿದಾಗ. ಅಲ್ಲಿ ಒಂದು ಬಟನ್ ಬ್ಯಾಟರಿ. ಯಾವುದೋ ಕಾಲದಲ್ಲಿ ಕಾರಿನ ರಿಮೋಟ್ ಬಿಚ್ಚಿದಾಗ ಉರುಳಿ ಹೋದದ್ದು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ಗಾಯ ಮಾಡಬಲ್ಲದು. ನನ್ನ ಮಗಳು ಅದೇ ನೆಲದ ಮೇಲೆ ತೆವಳಿ ಬೆಳೆದವಳು. ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ.

ಆಮೇಲೆ ಹುಡುಕಿದ್ದೇ ಹುಡುಕಿದ್ದು. ಕಿಟಕಿಯ ಪರದೆಯ ನೇತಾಡುವ ದಾರ, ಅದು ಕತ್ತಿಗೆ ಸುತ್ತಿಕೊಳ್ಳುತ್ತದೆ, ಕತ್ತರಿಸಿದೆ. ಬಾತ್‌ರೂಮಿನಲ್ಲಿ ಯಾವಾಗಲೂ ಅರ್ಧ ತುಂಬಿರುತ್ತಿದ್ದ ಬಕೆಟ್. ಐದು ಸೆಂಟಿಮೀಟರ್ ನೀರಿದ್ದರೂ ತಲೆಕೆಳಗಾಗಿ ಬಿದ್ದ ಪುಟ್ಟ ಮಗು ಮುಳುಗುತ್ತದೆ, ಎದ್ದೇಳುವಷ್ಟು ಬಲ ಅದಕ್ಕೆ ಇರಲ್ಲ. ಈಗ ನಮ್ಮನೆಯಲ್ಲಿ ಬಕೆಟ್‌ಗಳೆಲ್ಲ ಬೋರಲು. ಬಟ್ಟೆ ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿದ್ದೇವೆ, ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುವ ಮಕ್ಕಳಿರುತ್ತವೆ. ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಇದೆಯಲ್ಲ, ಅದನ್ನು ಎಸೆಯಬೇಡಿ. ಅದರೊಳಗೆ ತೂರುವ ಯಾವ ಆಟದ ಸಾಮಾನೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ನನ್ನ ಮಗಳ ಆಟಿಕೆ ಬುಟ್ಟಿಯನ್ನು ಹಾಗೆ ಸೋಸಿದಾಗ ಅರ್ಧ ಬುಟ್ಟಿ ಖಾಲಿ. ಅವಳು ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು.

ಇಷ್ಟು ಚೆನ್ನಾಗಿ ಹೇಳಿಕೊಟ್ಟವರೇ ಮುಂದಿನ ವಾರ ಎಡವಿದರು ನೋಡಿ. ಮಕ್ಕಳನ್ನು ಮಲಗಿಸುವ ಪಾಠದಲ್ಲಿ ತೋರಿಸಿದ ತೊಟ್ಟಿಲಿನ ಫೋಟೊದಲ್ಲಿ ದಿಂಬು, ದಪ್ಪ ಹೊದಿಕೆ, ಎರಡು ಟೆಡ್ಡಿ. ಒಂದು ವರ್ಷದೊಳಗಿನ ಕೂಸನ್ನು ಗಟ್ಟಿ, ಸಮತಟ್ಟು ಹಾಸಿಗೆಯ ಮೇಲೆ ಬೆನ್ನ ಮೇಲೆ ಮಲಗಿಸಬೇಕು. ಹತ್ತಿರ ಮೆತ್ತನೆಯದು ಏನೂ ಇರಬಾರದು. ಅಮೆರಿಕದಲ್ಲಿ 1994ರಲ್ಲಿ ಬೆನ್ನ ಮೇಲೆ ಮಲಗಿಸಿ ಎಂದು ದೊಡ್ಡ ಪ್ರಚಾರ ನಡೆಯಿತು. ನಿದ್ದೆಯಲ್ಲೇ ಹಠಾತ್ತನೆ ತೀರಿಹೋಗುವ ಕೂಸುಗಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಇದು ನನಗೆ ಮಗಳು ಹುಟ್ಟಿದಾಗ ಡಾಕ್ಟರ್ ಹೇಳಿದ್ದ ಮಾತು, ಹಾಗಾಗಿ ಫೋಟೊ ನೋಡಿದ ತಕ್ಷಣ ಕಣ್ಣಿಗೆ ಹೊಡೆಯಿತು. ಸಂಸ್ಥೆಗೆ ಬರೆದೆ. ಒಂಬತ್ತು ದಿನ ಬಿಟ್ಟು ಉತ್ತರ ಬಂತು: ಫೋಟೊ ಅಲಂಕಾರಕ್ಕಷ್ಟೇ ಹಾಕಿದ್ದು ಅಂತೆ. ಫೋಟೊ ಈಗಲೂ ಹಾಗೇ ಇದೆ. ಒಂದು ಸ್ಟಾರ್ ಅಲ್ಲೇ ಹೋಯಿತು.

ಟಿವಿಯ ಮುಂದೆ ಒಂದು ರೈಮ್ಸ್ ಕಾರ್ನರ್ ಮಾಡಿ ಅನ್ನುವ ಸಲಹೆಯನ್ನೂ ಬಿಟ್ಟುಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ತುಂಬುವವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂದು. ಮನೆಗೆ ಹೋದ ಮೇಲೆ ಆ ಒಂದು ಗಂಟೆ ಹೇಗೂ ಖರ್ಚಾಗುತ್ತದೆ.

ಈಗ ಫೋಲ್ಡರ್‌ಗೆ ಬರೋಣ. ಅದರಲ್ಲಿ 31 ಫಾರಂ ಇದ್ದವು. ನಾನು ದಿನಾ ಬಳಸುವುದು ಐದಾರು. ಆದರೆ ಆ ಐದಾರೇ ಇಡೀ ಕೋರ್ಸಿನ ಸಾರ. ಪೋಷಕರ ಜೊತೆ ಮಾಡಿಕೊಳ್ಳುವ ಒಪ್ಪಂದ, ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಅನ್ನುವ ಪಟ್ಟಿ, ಅಲರ್ಜಿ ಮತ್ತು ಔಷಧಿಯ ಹಾಳೆ, ಬಿದ್ದು ಪೆಟ್ಟಾದರೆ ಬರೆದಿಡುವ ಪುಸ್ತಕ, ಹಾಜರಿ. ವಿಚಿತ್ರ ಏನೆಂದರೆ, ವಿಡಿಯೊಗಳಲ್ಲಿ ಇವುಗಳ ಬಗ್ಗೆ ಹೆಚ್ಚು ಮಾತೇ ಇಲ್ಲ. ಸಂಬಂಧ ಬೆಳೆಸಿಕೊಳ್ಳಿ, ನಂಬಿಕೆ ಗಳಿಸಿ, ಇದೇ ರಾಗ.

ಒಪ್ಪಂದದಲ್ಲಿ ಒಂದು ಸಾಲಿತ್ತು: ಹೇಳಿದ ಸಮಯಕ್ಕಿಂತ ತಡವಾಗಿ ಬಂದರೆ ಪ್ರತಿ 15 ನಿಮಿಷಕ್ಕೆ ಇಷ್ಟು ಹೆಚ್ಚುವರಿ ಫೀಸು. ನನಗೆ ನಾಚಿಕೆಯಾಗಿ ಆ ಸಾಲನ್ನು ತೆಗೆದು ಪ್ರಿಂಟ್ ಮಾಡಿಸಿದೆ. ಮಗು ಬಿಡುವವರ ಹತ್ತಿರ ಹೀಗೆಲ್ಲ ದುಡ್ಡಿನ ಮಾತಾಡೋದಾ ಅಂತ. ನನ್ನ ಸಮಯ ಸಂಜೆ ಆರರವರೆಗೆ. ಎರಡನೇ ತಿಂಗಳಿಂದ ಒಬ್ಬ ತಂದೆ 6:20ಕ್ಕೆ ಬರತೊಡಗಿದರು. ಆಮೇಲೆ 6:40. ಟ್ರಾಫಿಕ್ ಮೇಡಂ, ಮೀಟಿಂಗ್ ಮೇಡಂ. ನಾನು ಪರವಾಗಿಲ್ಲ ಬಿಡಿ ಅನ್ನುತ್ತಿದ್ದೆ. ಮುಖದಲ್ಲಿ ನಗು, ಒಳಗೆ ಕುದಿ. ಅವರ ಮಗನೂ ಬಾಗಿಲ ಹತ್ತಿರ ಬ್ಯಾಗ್ ಹಾಕಿಕೊಂಡು ಕೂತಿರುತ್ತಿದ್ದ, ಪ್ರತಿ ಗಾಡಿ ಸದ್ದಿಗೂ ಕತ್ತೆತ್ತುತ್ತಿದ್ದ. ಒಂದು ದಿನ ನನ್ನ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅವಳು ಶೂ ಹಾಕಿಕೊಂಡು ಇವನ ಪಕ್ಕದಲ್ಲೇ ಕೂತಳು. 6:50ಕ್ಕೆ ಕೇಳಿದಳು, "ಅಮ್ಮಾ, ಇವನ ಅಪ್ಪನ ಹತ್ತಿರ ವಾಚ್ ಇಲ್ವಾ?"

ಆ ರಾತ್ರಿ ತೆಗೆದ ಸಾಲನ್ನು ವಾಪಸ್ ಸೇರಿಸಿದೆ. ಎಲ್ಲರಿಗೂ ಹೊಸ ಒಪ್ಪಂದ ಕೊಟ್ಟೆ, ಮುಂದಿನ ತಿಂಗಳಿಂದ ಜಾರಿ ಎಂದೆ. ಒಬ್ಬ ತಾಯಿ ಬೇಜಾರಾಗಿ ಮಗುವನ್ನು ಬಿಡಿಸಿಕೊಂಡು ಹೋದರು. ನಿಜ ಹೇಳಬೇಕೆಂದರೆ ಅವರು ತಡ ಮಾಡುವವರೇ ಆಗಿರಲಿಲ್ಲ, ನನ್ನ ಧಾಟಿ ಹಿಡಿಸಲಿಲ್ಲವೇನೋ. ಆ ತಂದೆ ಮಾತಾಡದೆ ಸಹಿ ಹಾಕಿದರು. ಒಂದನೇ ತಾರೀಕು 5:55ಕ್ಕೆ ಬಾಗಿಲಲ್ಲಿದ್ದರು. ಟ್ರಾಫಿಕ್ ಎಲ್ಲಿ ಹೋಯಿತೋ! ಮೊದಲ ದಿನವೇ ಆ ಸಾಲು ಇದ್ದಿದ್ದರೆ ಇಬ್ಬರಲ್ಲಿ ಯಾರಿಗೂ ಬೇಜಾರಾಗುತ್ತಿರಲಿಲ್ಲ. ನಡುವೆ ತಂದ ನಿಯಮ ಬೈದ ಹಾಗೆ ಕೇಳಿಸುತ್ತದೆ.

ಕರೆದುಕೊಂಡು ಹೋಗುವವರ ಪಟ್ಟಿಯಲ್ಲೂ ಹೀಗೇ. ಪಟ್ಟಿಯಲ್ಲಿ ಇಲ್ಲದ ಸೋದರಮಾವ ಒಬ್ಬರು ಒಂದು ಸಂಜೆ ಬಂದರು. ಮಗು ಮಾಮಾ ಎಂದು ಓಡಿಹೋಗಿ ಕಾಲಿಗೆ ಅಪ್ಪಿಕೊಂಡಿತು. ತಾಯಿ ಫೋನ್ ಎತ್ತಲಿಲ್ಲ. ನಾನು ಕಳಿಸಲಿಲ್ಲ. 25 ನಿಮಿಷ ಮೂವರೂ ವರಾಂಡದಲ್ಲಿ ಕೂತೆವು, ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಆ ತಾಯಿ ಇವತ್ತಿಗೂ ಅದನ್ನು ಪೂರ್ತಿ ಮರೆತಿಲ್ಲ. ಪರವಾಗಿಲ್ಲ. ಪಟ್ಟಿಗೆ ಮಾಮನ ಹೆಸರು, ಫೋಟೊ ಸೇರಿಸಿದ್ದಾರೆ.

ಕಾಯಿಲೆಯ ನಿಯಮವನ್ನು ಫೋಲ್ಡರ್‌ನಲ್ಲಿ ಇದ್ದದ್ದಕ್ಕಿಂತ ಬಿಗಿ ಮಾಡಿಕೊಂಡಿದ್ದೇನೆ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಗೆ. ಔಷಧಿ ಕೊಡದೆ 24 ಗಂಟೆ ಜ್ವರ ಇಲ್ಲದಿದ್ದರೆ ಮಾತ್ರ ವಾಪಸ್. ವಾಂತಿ ಭೇದಿಯಾದರೆ ನಿಂತ ಮೇಲೆ 48 ಗಂಟೆ. ಔಷಧಿ ಕೊಡದೆ ಅನ್ನುವ ಮಾತು ಮುಖ್ಯ. ಬೆಳಗ್ಗೆ ಏಳಕ್ಕೆ ಜ್ವರದ ಸಿರಪ್ ಕುಡಿಸಿ ನಗುನಗುತ್ತಾ ಬಿಟ್ಟುಹೋಗುತ್ತಾರೆ, 11ರ ಹೊತ್ತಿಗೆ ಸಿರಪ್ಪಿನ ಬಲ ಇಳಿದು ಮೈ ಕಾಯುತ್ತದೆ. ಅಷ್ಟರಲ್ಲಿ ಒಂದೇ ಗಿಲಕಿ ನಾಲ್ಕು ಬಾಯಿ ಸುತ್ತಿ ಬಂದಿರುತ್ತದೆ. ಒಮ್ಮೆ ವಾಂತಿಯ ಸೋಂಕು ಹೀಗೇ ಹಬ್ಬಿ ಮಕ್ಕಳು, ನಾನು, ಯಜಮಾನರು ಎಲ್ಲ ಮಲಗಿದೆವು. ಮೂರು ದಿನ ಬಾಗಿಲು ಹಾಕಿದೆ. ಅವತ್ತು ಕಲಿತ ಇನ್ನೊಂದು ವಿಷಯ: ಬಾಗಿಲಲ್ಲಿ ಇಟ್ಟ ಸ್ಯಾನಿಟೈಸರ್ ಎಲ್ಲದಕ್ಕೂ ಸಾಲದು. ವಾಂತಿ ಭೇದಿ ತರುವ ನೋರೊವೈರಸ್ ಅದಕ್ಕೆ ಸುಲಭವಾಗಿ ಜಗ್ಗಲ್ಲ. ಸೋಪು, ನೀರು, 20 ಸೆಕೆಂಡು ಉಜ್ಜುವುದು, ಇದಕ್ಕೆ ಬದಲಿಲ್ಲ.

ಲೆಕ್ಕದ ಪಾಠಕ್ಕೆ ನನಗೆ ಜಾಸ್ತಿ ಸಿಟ್ಟು ಬಂತು, ಅದು ನನ್ನ ಹಳೇ ಕಸುಬು. ಅವರು ಕೊಟ್ಟ ಶೀಟಿನಲ್ಲಿ ಆರು ಮಕ್ಕಳು ಗುಣಿಸು ಫೀಸು ಗುಣಿಸು 12 ತಿಂಗಳು, ಅದರಲ್ಲಿ ಸ್ವಲ್ಪ ಖರ್ಚು ಕಳೆದು ಕೆಳಗೆ ಹಸಿರು ಬಣ್ಣದಲ್ಲಿ ಲಾಭ. ಮೊದಲ ದಿನವೇ ಆರು ಮಕ್ಕಳು ಎಲ್ಲಿಂದ ಬರುತ್ತಾರೆ? ನನಗೆ ಮೊದಲ ಏಳು ತಿಂಗಳು ಎರಡು, ಮೂರು, ಮತ್ತೆ ಎರಡು. ಒಂದು ಮಗು ಬಿಟ್ಟರೆ ಆ ಜಾಗ ತುಂಬಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಶೀಟಿನಲ್ಲಿ ಖಾಲಿ ಸೀಟಿಗೆ ಕಾಲಂ ಇಲ್ಲ, ನನಗೆ ಹುಷಾರಿಲ್ಲದ ದಿನಕ್ಕೆ ಇಲ್ಲ, ನೀರು, ಕರೆಂಟು, ಒಗೆಯುವುದು, ಸೋಫಾದ ಕಾಲು ಯಾವುದಕ್ಕೂ ಇಲ್ಲ. ನಾನು ಬೇರೆ ಬ್ಯಾಂಕ್ ಖಾತೆ ತೆರೆದು ಪ್ರತಿ ಖರ್ಚೂ ಬರೆದೆ. ಮೊದಲ ವರ್ಷ ಬಂದ ಪ್ರತಿ 100ರಲ್ಲಿ ಕೈಯಲ್ಲಿ ಉಳಿದದ್ದು 41. ಅದನ್ನು ದುಡಿದ ಗಂಟೆಗಳಿಗೆ ಭಾಗಿಸಿ ನೋಡಿದೆ, ಆಮೇಲೆ ಆ ಪುಟ ಮಡಚಿಟ್ಟೆ. ಎರಡನೇ ವರ್ಷ ವಾಸಿ. ಕಾರಣ ಎರಡೇ: ಫೀಸು ತಿಂಗಳ ಮೊದಲೇ, ಮತ್ತು ಮಗು ಬಾರದ ದಿನಕ್ಕೆ ಕಡಿತ ಇಲ್ಲ. ಅವರು ಕೊಡುವುದು ಜಾಗ ಕಾಯ್ದಿರಿಸಿದ್ದಕ್ಕೆ.

ಇನ್ನು ಆ ಆರು ಅನ್ನುವ ಸಂಖ್ಯೆ. ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದು ಅನ್ನುವುದನ್ನು ಎಷ್ಟೋ ಕಡೆ ಕಾನೂನೇ ಹೇಳುತ್ತದೆ, ಅದೂ ವಯಸ್ಸು ನೋಡಿ. ಉದಾಹರಣೆಗೆ ಇಂಗ್ಲೆಂಡಿನಲ್ಲಿ ಸಾಮಾನ್ಯ ನಿಯಮ ಹೀಗಿದೆ: ಎಂಟು ವರ್ಷದೊಳಗಿನವರು ಆರು, ಅವರಲ್ಲಿ ಇನ್ನೂ ಶಾಲೆಯ ವಯಸ್ಸಿಗೆ ಬಾರದವರು ಮೂರೇ, ಒಂದು ವರ್ಷದೊಳಗಿನ ಕೂಸು ಒಂದೇ. ಸ್ವಂತ ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ. ನಿಮ್ಮಲ್ಲಿ ಬೇರೆ ಇರಬಹುದು. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಜಾಗದ ಕಚೇರಿಗೆ ಹೋಗಿ ಕೇಳಿ, ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ. ಕೋರ್ಸಿನಲ್ಲಿ ಇದಕ್ಕೆ ಸಿಕ್ಕಿದ್ದು ಒಂದು ಸಾಲು, ಸ್ಥಳೀಯ ನಿಯಮ ಪಾಲಿಸಿ ಅಂತ. ಇನ್ಶೂರೆನ್ಸ್ ಪದವೇ ಇರಲಿಲ್ಲ. ಮನೆಗೆ ಮಾಡಿಸಿದ ಸಾಮಾನ್ಯ ವಿಮೆ ಅಲ್ಲಿ ನಡೆಸುವ ವ್ಯಾಪಾರಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಬೇರೆಯೇ ಮಾಡಿಸಬೇಕು.

ಪ್ರಥಮ ಚಿಕಿತ್ಸೆಗೆ 12 ನಿಮಿಷದ ವಿಡಿಯೊ, ಕೊನೆಗೆ ಬಣ್ಣದ ಸರ್ಟಿಫಿಕೇಟ್. ಅದನ್ನು ಗೋಡೆಗೆ ಹಾಕಲು ಮನಸ್ಸು ಬರಲಿಲ್ಲ. ಗೊಂಬೆ ಇಟ್ಟು ಕೈಯಲ್ಲೇ ಮಾಡಿಸುವ ತರಗತಿಗೆ ಬೇರೆ ಹೋದೆ. ವಿಡಿಯೊದಲ್ಲಿ ನೋಡಿದಾಗ ಎಲ್ಲ ಸುಲಭ. ಹೃದಯ ನಿಂತಾಗ ಒತ್ತುವ ಹಾಗೆ ಗೊಂಬೆಯ ಎದೆ ಒತ್ತಿದಾಗಲೇ ಗೊತ್ತಾದದ್ದು, ನಾನು ಹೆದರಿ ಹೆದರಿ ಅರ್ಧದಷ್ಟೂ ಒತ್ತುತ್ತಿಲ್ಲ ಎಂದು. ಕೂಸಿಗೂ ಸುಮಾರು ನಾಲ್ಕು ಸೆಂಟಿಮೀಟರ್ ಒಳಗೆ ಹೋಗಬೇಕು. ಒಂದು ವರ್ಷದೊಳಗಿನ ಮಗುವಿಗೆ ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ಬೆನ್ನಿಗೆ ಐದು ಪೆಟ್ಟು, ಎದೆಗೆ ಐದು ಒತ್ತು, ಮತ್ತೆ ಅದೇ. ಆದರೆ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಇದೇ ನನಗೆ ಕೆಲಸಕ್ಕೆ ಬಂದದ್ದು. ಎರಡು ವರ್ಷದ ಪೋರನಿಗೆ ದ್ರಾಕ್ಷಿ ಸಿಕ್ಕಿಕೊಂಡಿತು. ಮುಖ ಕೆಂಪು, ಕಣ್ಣಲ್ಲಿ ನೀರು, ಕೆಮ್ಮು. ನನ್ನ ಕೈ ಬೆನ್ನು ಗುದ್ದಲು ಎದ್ದೇಬಿಟ್ಟಿತ್ತು. ತಡೆದುಕೊಂಡು ಅವನ ಮುಂದೆ ಕೂತೆ. ನಾಲ್ಕನೇ ಕೆಮ್ಮಿಗೆ ಹೊರಗೆ ಬಂತು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಬೇಕು ಎಂದು ಗೊತ್ತಿತ್ತು. ಅವತ್ತು ಅವಸರದಲ್ಲಿ ಎರಡು ಮಾಡಿದ್ದೆ. ಪೆಟ್ಟಿನ ಪುಸ್ತಕದಲ್ಲಿ ಅದನ್ನೂ ಹಾಗೇ ಬರೆದು ತಾಯಿಯ ಸಹಿ ತೆಗೆದುಕೊಂಡೆ.

ಕೊನೆಯದಾಗಿ ಆ ಒಂದು ಗಂಟೆಯ ಫೋನ್. ಮಾತಾಡಿದವರು ತಾವೇ 11 ವರ್ಷ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವರು. ನನ್ನ ಲೋಗೊ, ಬಣ್ಣ, ಟೈಮ್‌ಟೇಬಲ್ ಎಲ್ಲ ಹೇಳಿ ಮುಗಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅದೆಲ್ಲ ಸರಿ. ನೀವು ಟಾಯ್ಲೆಟ್‌ಗೆ ಹೋದಾಗ ಮಕ್ಕಳನ್ನ ಯಾರು ನೋಡ್ಕೋತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 22 ವಿಡಿಯೊದಲ್ಲಿ ಯಾರೂ ಕೇಳಿರಲಿಲ್ಲ. ನಾದಿನಿ ಹತ್ತಿರದಲ್ಲೇ ಇದ್ದಾಳೆ ಎಂದೆ. ಹಾಗಾದರೆ ಅವಳಿಗೆ ಸಂಬಳ ಕೊಡಿ, ಸಮಯ ಬರೆದು ಕೊಡಿ, ಅವಳಿಗೂ ಪ್ರಥಮ ಚಿಕಿತ್ಸೆ ಕಲಿಸಿ, ಉಪಕಾರದ ಮೇಲೆ ಡೇಕೇರ್ ನಡೆಯಲ್ಲ ಎಂದರು. ಎರಡೇ ಮಕ್ಕಳಿಂದ ಶುರು ಮಾಡಿ ಎಂದರು. ಹೊಸ ಮಗುವಿಗೆ ಮೊದಲ ದಿನ ತಾಯಿಯ ಜೊತೆ ಒಂದು ಗಂಟೆ, ಆಮೇಲೆ ತಾಯಿ ಇಲ್ಲದೆ ಒಂದು ಗಂಟೆ, ಹೀಗೆ ಎರಡು ವಾರ ತೆಗೆದುಕೊಳ್ಳಿ ಎಂದರು. ಮಗು ಆಟದಲ್ಲಿದ್ದಾಗ ಕದ್ದು ಹೋಗಲು ಯಾವ ತಾಯಿಗೂ ಬಿಡಬೇಡಿ, ಟಾಟಾ ಹೇಳಿಯೇ ಹೋಗಲಿ, ಅತ್ತರೂ ಸರಿ. ಕದ್ದು ಹೋದರೆ ಮಾರನೇ ದಿನ ಮಗು ಸೆರಗು ಬಿಡಲ್ಲ. ಇದು ಅಕ್ಷರಶಃ ನಿಜ ಎಂದು ನಾಲ್ಕೂ ಮಕ್ಕಳಲ್ಲಿ ನೋಡಿದೆ.

ನನ್ನದು ಐದರಲ್ಲಿ ಎರಡೂವರೆ. ಒಂದೂವರೆ ಆ ಫೋನಿಗೆ, ಉಳಿದದ್ದು ಫೋಲ್ಡರ್‌ಗೂ ಮೂರನೇ ವಾರಕ್ಕೂ. ಸಂಸ್ಥೆಯವರು ಫೋಲ್ಡರನ್ನೂ ಫೋನ್ ಸಲಹೆಯನ್ನೂ ಬಿಡಿಯಾಗಿ ಮಾರಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಅನ್ನುತ್ತೇನೆ. ಕೇಳಿದೆ, ಮಾರಲ್ಲವಂತೆ, ಪ್ಯಾಕೇಜ್ ಮಾತ್ರ. ಹಾಗಾದರೆ ಆ ದುಡ್ಡಿನಲ್ಲಿ ಪ್ರಥಮ ಚಿಕಿತ್ಸೆಯ ತರಗತಿಗೆ ಇಬ್ಬರು ಹೋಗಿ, ಗೇಟು ಹಾಕಿಸಿ, ಆಗಲೇ ಡೇಕೇರ್ ನಡೆಸುತ್ತಿರುವ ಯಾರನ್ನಾದರೂ ಹುಡುಕಿ ಅವರ ಮನೆಯಲ್ಲಿ ಒಂದು ವಾರ ಸುಮ್ನೆ ಕೂತು ನೋಡಿ. ಒಪ್ಪಂದದ ಕಾಗದಕ್ಕೆ ವಕೀಲರೊಬ್ಬರಿಗೆ ಸ್ವಲ್ಪ ಕೊಟ್ಟರೂ ಇದಕ್ಕಿಂತ ಕಡಿಮೆಯೇ ಆಗುತ್ತದೆ.

ಹೋದ ವಾರ ಅವರಿಂದಲೇ ಮತ್ತೊಂದು ಮೆಸೇಜ್ ಬಂತು. ಅಡ್ವಾನ್ಸ್‌ಡ್ ಕೋರ್ಸ್, ಹಳೇ ವಿದ್ಯಾರ್ಥಿಗಳಿಗೆ ಅರ್ಧ ಬೆಲೆ, ಎರಡನೇ ಶಾಖೆ ತೆರೆಯುವುದು ಹೇಗೆ ಅಂತ. ಮೇಲೆ ಒಂದು ಫೋಟೊ. ಅದೇ ತೊಟ್ಟಿಲು, ಅದೇ ಎರಡು ಟೆಡ್ಡಿ.